ಕಾಳಿ ನದಿಯ ರಾಫ್ಟಿಂಗ್‌ನಲ್ಲಿ ಆದ ಸೇವಾ ನ್ಯೂನತೆ ಹಾಗೂ ಸುರಕ್ಷತಾ ಲೋಪದ ಬಗ್ಗೆ ದೂರು

ಹುಬ್ಬಳ್ಳಿ
10 ಫೆಬ್ರವರಿ 2025

ಇವರಿಗೆ,
ವ್ಯವಸ್ಥಾಪಕರು,
ರೆಸಾರ್ಟ್ ಮತ್ತು ಜಲಕ್ರೀಡಾ ವಿಭಾಗ,
ಗಣೇಶಗುಡಿ, ಜೋಯಿಡಾ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ

ವಿಷಯ: ಹಣ ಪಡೆದ ದೊಡ್ಡ ರಾಫ್ಟಿಂಗ್ ನಡೆಸದಿರುವುದು, ದೋಷಯುಕ್ತ ಲೈಫ್ ಜಾಕೆಟ್ ನೀಡಿರುವುದು ಮತ್ತು ಹಣ ಮರುಪಾವತಿಯ ಬಗ್ಗೆ.

ಮಾನ್ಯರೇ,

ಕಳೆದ ಜನವರಿ 25 ಮತ್ತು 26ರಂದು ನನ್ನ ತಾಯಿ, ಪತ್ನಿ, ಇಬ್ಬರು ಮಕ್ಕಳು, ತಂಗಿ ಹಾಗೂ ಆಕೆಯ ಪತಿಯೊಂದಿಗೆ ಒಟ್ಟು ಏಳು ಮಂದಿ ತಮ್ಮ ರೆಸಾರ್ಟಿನಲ್ಲಿ ಉಳಿದುಕೊಂಡಿದ್ದೆವು. ವಸತಿ ಮತ್ತು ಊಟಕ್ಕೆ ತಲಾ 2,400 ರೂಪಾಯಿಯಂತೆ 16,800, ತಾಯಿಯವರನ್ನು ಬಿಟ್ಟು ಉಳಿದ ಆರು ಮಂದಿಯ ರಾಫ್ಟಿಂಗ್‌ಗೆ ತಲಾ 1,500ರಂತೆ 9,000, ಒಟ್ಟು 25,800 ರೂಪಾಯಿ ಪಾವತಿಸಿದ್ದೇವೆ. ಇದರಲ್ಲಿ 12,000 ರೂಪಾಯಿಯನ್ನು ಮುಂಗಡವಾಗಿ ಯುಪಿಐ ಮೂಲಕ ಕಳುಹಿಸಿದ್ದು, ಉಳಿದ 13,800 ರೂಪಾಯಿಯನ್ನು ಕೊಠಡಿಯ ಕೀಲಿ ಕೊಡುವ ಮೊದಲೇ ನಗದಾಗಿ ಪಡೆದಿರಿ. ಬಿಲ್ ಕೇಳಿದಾಗ ಹೊರಡುವಾಗ ಕೊಡುತ್ತೇವೆ ಎಂದರು. ಹೊರಡುವಾಗ ಕೇಳಿದರೆ ಬಿಲ್ ಪುಸ್ತಕ ಮಾಲೀಕರ ಬಳಿ ಇದೆ ಎಂದರು. ಅದು ಇಂದಿನವರೆಗೂ ನಮ್ಮ ಕೈ ಸೇರಿಲ್ಲ.

ಊಟ ಮತ್ತು ಕೊಠಡಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ಅಡುಗೆಮನೆಯವರು ತಾಯಿಗೆಂದು ಖಾರ ಕಡಿಮೆ ಮಾಡಿ ಬೇರೆ ಸಾರು ಮಾಡಿಕೊಟ್ಟಿದ್ದನ್ನು ನಾವು ಮರೆತಿಲ್ಲ. ತಕರಾರು ಇರುವುದು ಭಾನುವಾರ ನದಿಯ ದಂಡೆಯಲ್ಲಿ ನಡೆದುದರ ಬಗ್ಗೆ.

ಕಾಯ್ದಿರಿಸುವಾಗ ತಮ್ಮ ಸಿಬ್ಬಂದಿ ವಾಟ್ಸ್ಆ್ಯಪ್‌ನಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ದೂರದ ದೊಡ್ಡ ರಾಫ್ಟಿಂಗ್ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಬೆಳಿಗ್ಗೆ ಎಂಟಕ್ಕೆ ದಂಡೆಗೆ ಬರಹೇಳಿದ್ದರಿಂದ ತಿಂಡಿಯನ್ನೂ ಅರ್ಧಕ್ಕೆ ಬಿಟ್ಟು ಹೋದೆವು. ಹನ್ನೊಂದೂವರೆಯವರೆಗೆ ಬಿಸಿಲಿನಲ್ಲಿ ಕೂರಿಸಿ, ಆಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಿಲ್ಲ, ಆದ್ದರಿಂದ ಇವತ್ತು ಚಿಕ್ಕ ರಾಫ್ಟಿಂಗ್ ಮಾತ್ರ ಎಂದು ತಿಳಿಸಲಾಯಿತು. ಗಣೇಶಗುಡಿಯಲ್ಲಿ ಕಾಳಿಯ ಹರಿವು ಸೂಪಾ ಅಣೆಕಟ್ಟಿನ ವಿದ್ಯುದಾಗಾರವನ್ನು ಅವಲಂಬಿಸಿದೆ, ಅಲ್ಲಿನ ಯಂತ್ರಗಳು ತಿರುಗಿದರೆ ಮಾತ್ರ ಕೆಳಗೆ ಸೆಳವು ಏಳುತ್ತದೆ, ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಹೆಚ್ಚು ಕಡಿಮೆ ಆಗುತ್ತದೆ ಎಂಬುದು ನನಗೂ ತಿಳಿದಿದೆ. ನೀರು ಬಿಡದಿದ್ದುದಕ್ಕೆ ನಾನು ತಮ್ಮನ್ನು ದೂರುತ್ತಿಲ್ಲ. ಆದರೆ ಅದೇ ದಂಡೆಯಲ್ಲಿದ್ದ ಬೇರೊಂದು ತಂಡದ ಗೈಡ್, ಈ ದಿನ ದೊಡ್ಡ ರಾಫ್ಟಿಂಗ್ ಇರುವುದಿಲ್ಲವೆಂದು ಹಿಂದಿನ ಸಂಜೆಯೇ ತನಗೆ ಗೊತ್ತಿತ್ತೆಂದು ನಮ್ಮೆದುರೇ ಹೇಳಿದರು. ಅವರಿಗೆ ಗೊತ್ತಿದ್ದ ಸಂಗತಿ ತಮಗೆ ಗೊತ್ತಿರಲಿಲ್ಲ ಎಂಬುದನ್ನು ನಂಬುವುದು ಕಷ್ಟ. ಶನಿವಾರ ಮಧ್ಯಾಹ್ನ ನಮ್ಮಿಂದ ಬಾಕಿ ಹಣ ಎಣಿಸಿಕೊಂಡವರು ಅದೇ ರಾತ್ರಿ ಊಟದ ಹೊತ್ತಿಗಾದರೂ ಒಂದು ಮಾತು ಹೇಳಬಹುದಿತ್ತು.

ಇದಕ್ಕಿಂತ ಗಂಭೀರವಾದುದು ಲೈಫ್ ಜಾಕೆಟ್‌ಗಳ ಸ್ಥಿತಿ. ಹನ್ನೊಂದು ವರ್ಷದ ನನ್ನ ಮಗನಿಗೆ ದೊಡ್ಡವರ ಅಳತೆಯ ಜಾಕೆಟ್ ತೊಡಿಸಲಾಗಿತ್ತು. ಅದರ ಮೂರು ಬಕಲ್‌ಗಳಲ್ಲಿ ನಡುವಿನದು ಮುರಿದಿದ್ದು, ಆ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ದಾರ ಬಿಗಿದು ಗಂಟು ಹಾಕಲಾಗಿತ್ತು. ನಾನು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿದಾಗ ಜಾಕೆಟ್ ಅವನ ಕಿವಿಯವರೆಗೆ ಜಾರಿ ಬಂತು, ಹುಡುಗ ಮಾತ್ರ ನೆಲದ ಮೇಲೆ ನಿಂತೇ ಇದ್ದ. ನೀರಿಗೆ ಬಿದ್ದರೂ ಆಗುವುದು ಇಷ್ಟೇ: ಜಾಕೆಟ್ ತೇಲುತ್ತದೆ, ತೊಟ್ಟವನು ಅದರೊಳಗಿಂದ ಕೆಳಗೆ ಜಾರುತ್ತಾನೆ. ಮಕ್ಕಳ ಅಳತೆಯದು ಕೊಡಿ ಎಂದು ಕೇಳಿದರೆ, ಎಲ್ಲವೂ ಬೇರೆ ದೋಣಿಯಲ್ಲಿವೆ, ನೀರು ಕಡಿಮೆ ಇದೆ, ಏನೂ ಆಗುವುದಿಲ್ಲ ಸರ್ ಎಂಬ ಉತ್ತರ ಬಂತು. ನಾನು ಊರ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು. ಆ ಬುರುಡೆಯ ಹಗ್ಗವನ್ನೂ ನಮ್ಮ ಸೋದರಮಾವ ಎರಡು ಸಲ ಜಗ್ಗಿ ನೋಡಿದ ಮೇಲೆಯೇ ನೀರಿಗೆ ಇಳಿಸುತ್ತಿದ್ದರು. ತಲೆಗೆ 1,500 ರೂಪಾಯಿ ಪಡೆದ ತಮ್ಮಲ್ಲಿ ಅಷ್ಟು ಎಚ್ಚರವೂ ಕಾಣಲಿಲ್ಲ.

ನಾನು ಮಗನನ್ನು ರಾಫ್ಟಿನಿಂದ ಇಳಿಸಿದೆ. ಪತ್ನಿ ಅವನೊಂದಿಗೆ ದಂಡೆಯಲ್ಲೇ ಉಳಿದಳು. ಹೋದ ನಾಲ್ವರಿಗೆ ಬೇರೆಯವರನ್ನೂ ಸೇರಿಸಿ, ಗೈಡ್ ಹೊರತುಪಡಿಸಿ ಹನ್ನೆರಡು ಮಂದಿಯನ್ನು ಒಂದೇ ರಾಫ್ಟಿನಲ್ಲಿ ಕೂರಿಸಲಾಯಿತು, ಹುಟ್ಟು ಇದ್ದುದು ಆರು. ಬಂಡೆಯ ಬಳಿ ರಾಫ್ಟ್ ವಾಲಿದರೆ ಯಾವ ಕಡೆ ಬಾಗಬೇಕು, ನೀರಿಗೆ ಬಿದ್ದರೆ ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ ಬೆನ್ನ ಮೇಲೆ ತೇಲಬೇಕು ಎಂಬ ಪ್ರಾಥಮಿಕ ಸೂಚನೆಯನ್ನೂ ಯಾರೂ ಕೊಡಲಿಲ್ಲ. ಅರ್ಧ ಗಂಟೆಯಲ್ಲಿ ಸವಾರಿ ಮುಗಿಯಿತು. ದಡಕ್ಕೆ ಬಂದ ಕೂಡಲೇ ನಾವು ಕೇಳದೇ ತೆಗೆದ ಫೋಟೊಗಳಿಗೆ 600 ರೂಪಾಯಿ ವಸೂಲಿ ಮಾಡಲಾಯಿತು. ಕೊಡುವವರೆಗೂ ಠೇವಣಿಯಾಗಿ ಇಟ್ಟುಕೊಂಡಿದ್ದ ನಮ್ಮ ಕಾರಿನ ಕೀಲಿ ಹಿಂತಿರುಗಿಸಲಿಲ್ಲ.

ಚಿಕ್ಕ ರಾಫ್ಟಿಂಗ್‌ಗೆ ತಲಾ 500 ರೂಪಾಯಿ ಎಂದು ತಮ್ಮದೇ ಫಲಕದಲ್ಲಿ ಬರೆದಿದೆ. ಅದರಂತೆ, ಹೋದ ನಾಲ್ವರ ವ್ಯತ್ಯಾಸದ 4,000, ಹೋಗಲಾಗದ ಇಬ್ಬರ 3,000 ಮತ್ತು ಫೋಟೊದ ಬಾಬ್ತು 600, ಒಟ್ಟು 7,600 ರೂಪಾಯಿಯನ್ನು ಮುಂಗಡ ಬಂದ ಖಾತೆಗೇ ಹಿಂತಿರುಗಿಸಬೇಕೆಂದೂ, ಪೂರ್ಣ ಮೊತ್ತದ ಬಿಲ್ ಕಳುಹಿಸಬೇಕೆಂದೂ ಕೋರುತ್ತೇನೆ. ಹಾಳಾದ ಜಾಕೆಟ್‌ಗಳನ್ನು ತೆಗೆದುಹಾಕಿ ಮಕ್ಕಳ ಅಳತೆಯವನ್ನು ತರಿಸಿದ್ದೀರಾ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಹಣಕ್ಕಿಂತ ಈ ಉತ್ತರಕ್ಕಾಗಿಯೇ ನಾನು ಹೆಚ್ಚು ಕಾಯುತ್ತೇನೆ, ಏಕೆಂದರೆ ಶಾಲೆಗಳಿಗೆ ಬೇಸಿಗೆ ರಜೆ ಬರಲು ಇನ್ನು ಎರಡೇ ತಿಂಗಳಿದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುತ್ತೇನೆ. ಬಿಲ್ ನೀಡದಿರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ ನಾನು ಕಾರವಾರದವರೆಗೆ ಬರಬೇಕಾಗಿಲ್ಲ, ಧಾರವಾಡ ಸಾಕು. ಅಲ್ಲಿಯವರೆಗೆ ಹೋಗುವ ಪ್ರಸಂಗ ಬಾರದಂತೆ ತಾವು ನೋಡಿಕೊಳ್ಳುವಿರೆಂದು ನಂಬಿದ್ದೇನೆ.

ಇತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ವಾಟ್ಸ್ಆ್ಯಪ್ ಸಂಭಾಷಣೆಯ ಪ್ರತಿ, ಯುಪಿಐ ಪಾವತಿಯ ವಿವರ, ದಾರ ಕಟ್ಟಿದ ಜಾಕೆಟ್ ಹಾಗೂ ದರ ಫಲಕದ ಚಿತ್ರಗಳು.