ಪಾವಗಡದ ಬಿಸಿಲಿನ ಕರೆಂಟು ರಾತ್ರಿಗೂ ಸಿಗಲಿ: ಇಂಧನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ನಾನು ಪಾವಗಡ ತಾಲ್ಲೂಕಿನವನು. ನಮ್ಮ ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಮಧ್ಯಾಹ್ನ ಭರ್ತಿ ಕರೆಂಟು. ಹೊತ್ತು ಮುಳುಗಿದರೆ ಏನೂ ಇಲ್ಲ. ಮನೆಮನೆಯಲ್ಲಿ ದೀಪ, ಫ್ಯಾನು, ಟಿವಿ ಹಾಕುವುದು ಆಗಲೇ ಅಲ್ವಾ?

ಹಗಲಿನದನ್ನು ಕೂಡಿಡಲು ಶರಾವತಿಯಲ್ಲಿ 2,000 ಮೆಗಾವ್ಯಾಟ್‌ನ ಯೋಜನೆ ಹೇಳುತ್ತಿದ್ದೀರಿ. ಕರೆಂಟು ಜಾಸ್ತಿ ಇದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಇಳಿಸಿ ಟರ್ಬೈನ್ ತಿರುಗಿಸುವುದು. ವಿಧಾನ ಒಳ್ಳೆಯದೇ. 100 ಯೂನಿಟ್ ಹಾಕಿದರೆ 75ರಿಂದ 80 ವಾಪಸ್ ಬರುತ್ತದೆ, ಹತ್ತಾರು ವರ್ಷ ಬಾಳುತ್ತದೆ. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ. ಅಲ್ಲಿ ಸುರಂಗ ಕೊರೆಯಲು ಕಾಡು ಕಡಿಯಬೇಕು. ಕಟ್ಟಿ ಮುಗಿಸಲು ವರ್ಷಗಟ್ಟಲೆ ಬೇಕು.

ಲಿಥಿಯಂ ಬ್ಯಾಟರಿಯಲ್ಲಿ 85ರ ಆಸುಪಾಸು ವಾಪಸ್ ಬರುತ್ತದೆ. ಕಂಟೇನರ್‌ಗಳಲ್ಲಿ ತಂದು ಜೋಡಿಸುವುದರಿಂದ ಕೆಲಸ ಬೇಗ ಆಗುತ್ತದೆ. ನಮ್ಮಲ್ಲಿ ಸಮತಟ್ಟು ಜಾಗ, ಸಬ್‌ಸ್ಟೇಷನ್, ದೊಡ್ಡ ಲೈನ್ ಎಲ್ಲ ಇವೆ. ರಾತ್ರಿ ಪಾರ್ಕಿನಿಂದ ಆ ಲೈನ್‌ಗೆ ಏನೂ ಹೋಗುವುದಿಲ್ಲ. ಇಲ್ಲೇ 500 ಮೆಗಾವ್ಯಾಟ್‌ನ ಬ್ಯಾಟರಿ ನಾಲ್ಕು ಗಂಟೆ ಕೊಟ್ಟರೂ ಒಂದು ಸಂಜೆಗೆ 20 ಲಕ್ಷ ಯೂನಿಟ್ ಆಯಿತು. ಸಂಜೆಯ ಅಗತ್ಯಕ್ಕೆ ಮೊದಲು ಇದನ್ನೇ ಮಾಡಿಸಿ ಎನ್ನುವುದು ನನ್ನ ಕೋರಿಕೆ.

ಹಗಲಿನ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಅನಿಲ ಮಾಡಿಟ್ಟುಕೊಳ್ಳಿ ಎನ್ನುವವರೂ ಇದ್ದಾರೆ. ಅದನ್ನು ಮತ್ತೆ ಕರೆಂಟು ಮಾಡುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದುಹೋಗುತ್ತದೆ. ಮೇಲಾಗಿ ಶುದ್ಧ ನೀರು ಬೇಕು. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ಊರು ಸ್ವಾಮಿ ನಮ್ಮದು.

ಬ್ಯಾಟರಿಗೂ ತೊಂದರೆ ಇದೆ. ವರ್ಷ ಕಳೆದಂತೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ಅದಕ್ಕೆ ಸೆಖೆ ಆಗದು, ನಮ್ಮ ಏಪ್ರಿಲ್ ಬಿಸಿಲು ನಿಮಗೂ ಗೊತ್ತು. ತಣ್ಣಗಿಡಲೂ ಕರೆಂಟು ಖರ್ಚಾಗುತ್ತದೆ. ಒಂದು ಕಡೆ ಬೆಂಕಿ ಹತ್ತಿದರೆ ಪಕ್ಕದ್ದಕ್ಕೂ ಹಬ್ಬಬಹುದು. ಹಾಗಾಗಿ ಬೆಂಕಿಯ ಅಪಾಯ ಕಡಿಮೆ ಇರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೇ ಟೆಂಡರ್‌ನಲ್ಲಿ ಕೇಳಿ. ಕಂಟೇನರ್‌ಗಳ ನಡುವೆ ಸಾಕಷ್ಟು ಅಂತರ ಇರಲಿ. ಹಳೆಯ ಬ್ಯಾಟರಿಯನ್ನು ಕಂಪನಿಯೇ ವಾಪಸ್ ಒಯ್ಯುವ ಷರತ್ತು ಹಾಕಿ, ಊರ ಪಕ್ಕ ಸುರಿದು ಹೋಗುವಂತಾಗಬಾರದು. ನೋಡಿಕೊಳ್ಳುವ ಕೆಲಸಕ್ಕೆ ನಮ್ಮ ಐಟಿಐ ಓದಿದ ಹುಡುಗ, ಹುಡುಗಿಯರನ್ನು ತರಬೇತಿ ಕೊಟ್ಟು ತೆಗೆದುಕೊಳ್ಳಿ.

ಟೆಂಡರ್‌ಗೆ ಮೊದಲು ತಿರುಮಣಿಯಲ್ಲಿ ಒಂದು ಸಭೆ ಕರೆಯಿರಿ. ಶರಾವತಿಯಲ್ಲಿ ಕೂಡಿಟ್ಟ ಯೂನಿಟ್‌ಗೆ ಎಷ್ಟು ಬೀಳುತ್ತದೆ, ಇಲ್ಲಿ ಎಷ್ಟು ಬೀಳುತ್ತದೆ, ಎರಡನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ನಮ್ಮ ಕೈಗೆ ಕೊಡಿ.

ಇಂತಿ,
ಪಾವಗಡ ತಾಲ್ಲೂಕಿನ ಒಬ್ಬ ರೈತ