ಮಂಜನಿಗೆ, ಕ್ಯಾಶ್ ವಿಷಯವಾಗಿ

ಲೋ ಮಂಜಾ,

ಡಲ್ಲಾಸ್‌ನಿಂದ ನೀನು ಕಳಿಸಿದ 11 ನಿಮಿಷದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಉತ್ತರವನ್ನ ಹೀಗೆ ನಾಲ್ಕು ಜನ ಓದುವ ಕಡೆ ಯಾಕೆ ಹಾಕ್ತಿದ್ದೀನಿ ಅಂದರೆ, ನಿನಗೊಬ್ಬನಿಗೇ ಬರೆದರೆ ನೀನು ಅದನ್ನು ತೆರೆಯೋದು ಮುಂದಿನ ಯುಗಾದಿಗೆ. ಹೆದರಬೇಡ, ಹಳದಿ ಬಕೆಟ್ ವಿಷಯ ಎತ್ತಲ್ಲ.

ಜೇಬಲ್ಲಿ ಒಂದು ಪೈಸೆ ಇಲ್ಲದೆ ಊರೆಲ್ಲ ಸುತ್ತಬಹುದಂತಲ್ಲ, ನಿಜಾನಾ ಅಂತ ನೀನು ಕೇಳಿದ್ದೆ. ನಿಜ ಕಣೋ. ನಮ್ಮ ಬೀದಿಯ ಸೊಪ್ಪಿನ ಅಜ್ಜಿಯ ಬುಟ್ಟಿಗೂ ಕ್ಯೂಆರ್ ಕೋಡ್ ಕಟ್ಟಿದೆ. ಕೊತ್ತಂಬರಿ ಕಟ್ಟು ತಗೊಂಡರೆ ಪಕ್ಕದಲ್ಲಿರುವ ಡಬ್ಬ ಹತ್ತು ರೂಪಾಯಿ ಬಂತು ಅಂತ ಇಡೀ ಬೀದಿಗೆ ಸಾರುತ್ತದೆ. 2016ರ ನವೆಂಬರ್‌ನಲ್ಲಿ ನಾವಿಬ್ಬರೂ ಎಟಿಎಂ ಸಾಲಿನಲ್ಲಿ ನಿಂತಿದ್ದು ನೆನಪಿದೆಯಾ? ಸರದಿ ಬರುವಷ್ಟರಲ್ಲಿ ಮೆಷಿನ್ ಖಾಲಿ. ಇಂದಿನವರಿಗೆ ಹೇಳಿದರೆ ನಂಬಲ್ಲ.

ಮಧ್ಯದಲ್ಲಿ ಒಂದು ತಮಾಷೆ ಆಯಿತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಣ್ಣ ಸಣ್ಣ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿತು. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ನೀವು ಮಾಡಿಸಿಲ್ಲ ಅಂತ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ಬಂದಿದೆ, 29 ಲಕ್ಷ ಕಟ್ಟಿ ಅಂತ ನೋಟಿಸ್ ಹೋಗಿತ್ತು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಫೋನಿಗೆ ಬಂದಿದ್ದರಲ್ಲಿ ಬಂಡವಾಳ ಎಷ್ಟು, ಲಾಭ ಎಷ್ಟು, ಭಾವಮೈದ ತೀರಿಸಿದ ಕೈಸಾಲ ಎಷ್ಟು ಅಂತ ಯುಪಿಐಗೆ ಹೇಗೆ ಗೊತ್ತಾಗಬೇಕು? ರಾತ್ರೋರಾತ್ರಿ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಚೀಟಿ ಬಂತು. 23ನೇ ತಾರೀಕು ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ವಸೂಲಿ ಮಾಡಲ್ಲ ಅಂದರು. ತಣ್ಣಗಾಯಿತು.

ಇದನ್ನ ಇಷ್ಟುದ್ದ ಯಾಕೆ ಹೇಳ್ತಿದ್ದೀನಿ ಅಂದರೆ, ಆ ಚೀಟಿಯಿಂದ ನಾನು ಸಿಕ್ಕಿಬಿದ್ದೆ.

ಅಮ್ಮ ಹೋದ ಮೇಲೆ ಅಪ್ಪ ತಿಪಟೂರಲ್ಲಿ ಒಬ್ಬರೇ ಇರೋದು ನಿನಗೆ ಗೊತ್ತಲ್ಲ. ಅವರ ಪಿಂಚಣಿ ಖಾತೆಗೆ ಯುಪಿಐ ಹಾಕಿಕೊಟ್ಟವನು ನಾನೇ. ಅಪ್ಪನಿಗೆ ಇಮೇಲ್ ಇಲ್ಲ, ಫಾರಂನಲ್ಲಿ ನನ್ನದನ್ನ ಬರೆದಿದ್ದೆ. ಹಾಗಾಗಿ ಅವರು ಎಲ್ಲಿ ಏನು ಕೊಟ್ಟರೂ ನನಗೊಂದು ಮೇಲ್ ಬರುತ್ತದೆ. ಬೆಳಿಗ್ಗೆ 7 ಗಂಟೆಗೆ 15 ರೂಪಾಯಿ: ಕಾಫಿ. ಹೋಟೆಲಿನ ಕೋಡ್ ಮಾಲೀಕನ ಹೆಂಡತಿಯ ಹೆಸರಲ್ಲಿತ್ತು, ಮೊದಲ ಒಂದು ತಿಂಗಳು ಯಾರಪ್ಪಾ ಈಯಮ್ಮ, ಅಪ್ಪ ದಿನಾ ಬೆಳಿಗ್ಗೆ ಎದ್ದು ದುಡ್ಡು ಕೊಡ್ತಾರಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ನಗಬೇಡ.

ಆಮೇಲೆ ಅಭ್ಯಾಸ ಆಯಿತು. ಮೀಟಿಂಗ್‌ನಲ್ಲಿ ಕೂತಾಗ 15 ರೂಪಾಯಿ ಮೇಲ್ ಬಂದರೆ, ಸರಿ, ಅಪ್ಪ ಎದ್ದಿದ್ದಾರೆ, ನಡೆದಿದ್ದಾರೆ, ಕಾಫಿ ಕುಡಿದಿದ್ದಾರೆ. ಫೋನ್ ಮಾಡುವ ಅಗತ್ಯವೇ ಇಲ್ಲ. ನಮ್ಮ ಆಫೀಸಲ್ಲಿ ಸರ್ವರ್ ಬದುಕಿದೆಯಾ ಅಂತ ನಿಮಿಷಕ್ಕೊಂದು ಸಿಗ್ನಲ್ ನೋಡ್ತೀವಲ್ಲ, ಅದೇ.

ಇನ್ನೂ ಕೆಟ್ಟದ್ದಿದೆ. ಮೇ ತಿಂಗಳಲ್ಲಿ ಬೇಕರಿಗೆ 40 ರೂಪಾಯಿ ಹೋಗೋಕೆ ಶುರುವಾಯಿತು. ವಾರಕ್ಕೆ ಮೂರು ಸಲ, ನಾಲ್ಕು ಸಲ. ಅಪ್ಪನಿಗೆ ಶುಗರ್. ಫೋನ್ ಮಾಡಿದಾಗ ಸುಮ್ನೆ ಕೇಳಿದ ಹಾಗೆ, "ಸಿಹಿ ಏನೂ ತಿಂತಿಲ್ಲ ಅಲ್ವಾ?" ಅಂದೆ. "ಇಲ್ಲಪ್ಪ, ಯಾರು ತಿಂತಾರೆ" ಅಂದರು. ಆಗ ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ ಮಂಜ, ಖುಷಿಯಾಯಿತು. ಸಿಕ್ಕಿಬಿದ್ರಿ ಅನ್ನುವ ಖುಷಿ. ಅವರು ಮೇಷ್ಟ್ರಾಗಿ ನನ್ನ ಹೋಂವರ್ಕ್ ಸುಳ್ಳುಗಳನ್ನೆಲ್ಲ ಹಿಡಿದಿದ್ದಕ್ಕೆ ಒಂದು ಸೇಡು ಅಂತಾನೂ ಇರಬಹುದು.

ಜುಲೈನಲ್ಲಿ ಮೂರು ದಿನ ಮೇಲ್ ಬರಲಿಲ್ಲ. ಕಾಫಿ ಇಲ್ಲ, ಬೇಕರಿ ಇಲ್ಲ, ಮೆಡಿಕಲ್ ಇಲ್ಲ. ಕೈ ನಡುಗ್ತಾ ಫೋನ್ ಮಾಡಿದೆ. ಎತ್ತಿದ ತಕ್ಷಣ ಬಾಯಿಂದ ಬಂದಿದ್ದು, "ಅಪ್ಪ, ಮೂರು ದಿನದಿಂದ ಯಾಕೆ ಕಾಫಿ ಕುಡಿದಿಲ್ಲ?"

ಆ ಕಡೆ ಮಾತಿಲ್ಲ. ಹಿಂದೆ ಯಾವುದೋ ಆಟೋ ಹೋದ ಸದ್ದು. "ಹೋಟೆಲಲ್ಲಿ ಕ್ಯಾಶ್ ಅಂತ ಬರೆದಿದ್ದಾರಪ್ಪ," ಅಂದರು. ಆಮೇಲೆ, "ನಿನಗೆ ಹೇಗೆ ಗೊತ್ತು?"

ಹೇಳಿದೆ. ಇಮೇಲ್ ಅಂದರೆ ಏನು ಅಂತ ಅವರಿಗೆ ಗೊತ್ತು, ವಿವರಿಸಬೇಕಾಗಲಿಲ್ಲ. "ಹೂಂ," ಅಂದರು, "ಊಟ ಆಯ್ತಾ?" ಅಂದರು, ಇಟ್ಟರು. ಫೋನ್ ಇಟ್ಟಮೇಲೆ ನೋಡಿದೆ, ಅದಕ್ಕೆ ಮುಂಚೆ ನಾನು ಅವರಿಗೆ ಫೋನ್ ಮಾಡಿ 19 ದಿನ ಆಗಿತ್ತು. ಇಲಾಖೆಯವರನ್ನ ಬೈಕೊಂಡು ಇದೇ ಜಾಗದಲ್ಲಿ ಉದ್ದುದ್ದ ಬರೆದಿದ್ದೆನಲ್ಲ, ನೀನೂ ಲೈಕ್ ಒತ್ತಿದ್ದೆ. ಅವರಾದರೂ ನೋಟಿಸ್ ಕೊಟ್ಟರು ಕಣೋ.

ಗಣೇಶನ ಹಬ್ಬಕ್ಕೆ ಊರಿಗೆ ಹೋದೆ. ಹೋಟೆಲಿನ ಚೀಟಿ ಹೋಗಿತ್ತು, ಡಬ್ಬ ಮತ್ತೆ ಕೂಗುತ್ತಿತ್ತು. ಅಪ್ಪ ಮಾತ್ರ ಅಂಗಿ ಜೇಬಿಂದ ಸಣ್ಣ ಪ್ಲಾಸ್ಟಿಕ್ ಕವರ್ ತೆಗೆದರು, ಅದರೊಳಗೆ ಮಡಿಸಿಟ್ಟ ಹತ್ತರ ನೋಟುಗಳು. ವಾಪಸ್ ಬರ್ತಾ ಬೇಕರಿಯ ಹುಡುಗ ಇವರನ್ನ ನೋಡಿದ್ದೇ ತಡ, ಕೇಳದೇ ದಿಲ್‌ಪಸಂದ್ ಕತ್ತರಿಸಿ ಪೇಪರಿಗೆ ಹಾಕಿದ. ಅಪ್ಪ ನನ್ನ ಮುಖ ನೋಡಲಿಲ್ಲ. ನೋಟು ಎಣಿಸ್ತಾನೇ, "ನಿನಗೂ ಒಂದು ಪೀಸ್ ಹೇಳ್ಲಾ?" ಅಂದರು.

ತಿಂದೆ. ಚೆನ್ನಾಗಿತ್ತು, ಅದು ಬೇರೆ ಮಾತು.

ಈಗ ತಿಂಗಳಿಗೆ ಎರಡೇ ಮೇಲ್: ಪಿಂಚಣಿ ಬಂತು, ಎಟಿಎಂನಿಂದ ಹತ್ತು ಸಾವಿರ ಹೋಯಿತು. ಆ ಮೇಲ್ ನಿಲ್ಲಿಸಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ, ಇನ್ನೂ ನಿಲ್ಲಿಸಿಲ್ಲ. ದಿನಾ ಫೋನ್ ಮಾಡ್ತೀನಿ. ಒಂದೂವರೆ ನಿಮಿಷ. ಮಳೆ ಬಂತಾ, ಇಲ್ಲ, ಕೊಬ್ಬರಿ ರೇಟು ಎಷ್ಟು, ಗೊತ್ತಿಲ್ಲ, ಸರಿ ಇಡ್ಲಾ. ಒಂದು ದಿನವೂ ಅವರು ಕಾಫಿ ಕುಡಿದೆ ಅಂತ ಹೇಳಲ್ಲ, ನಾನೂ ಕೇಳಲ್ಲ.

ಅಯ್ಯೋ, ಎಲ್ಲಿಂದ ಎಲ್ಲಿಗೋ ಹೋಯಿತು. ನಿನ್ನ ಪ್ರಶ್ನೆಗೆ ಉತ್ತರ ಬರೆಯೋಣ ಅಂತ ಕೂತವನು ನಾನು. ಅಂದ ಹಾಗೆ ಡಿಸೆಂಬರ್‌ನಲ್ಲಿ ಬರುವಾಗ ಆ ಎಟಿಎಂ ಸಾಲಿನ ದಿನ ಇಸ್ಕೊಂಡ 340 ರೂಪಾಯಿ ತಗೊಂಡು ಬಾ. ಮೂರು ನೂರರ ನೋಟು, ನಾಲ್ಕು ಹತ್ತರದ್ದು, ಕ್ಯಾಶ್. ಯಾತಕ್ಕೆ ಇಸ್ಕೊಂಡಿದ್ದೆ ಅಂತ ಇಲ್ಲಿ ಬರೆಯಲ್ಲ, ನಿನ್ನ ಹೆಂಡತಿ ನಿನಗಿಂತ ಮುಂಚೆ ಇದನ್ನ ಓದ್ತಾಳೆ.

ಇತಿ,
ಬಕೆಟ್ ಹೊತ್ತವನು