ಚೆಕ್‌ರೋಲಿನಿಂದ ಹೆಸರು ಹೋದ ಮೇಲೆ

ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಕಥೋಲಿಕ ಧರ್ಮಸಭೆ ಅಜ್ಜ-ಅಜ್ಜಿಯರ ಮತ್ತು ವಯೋವೃದ್ಧರ ದಿನವಾಗಿ ಆಚರಿಸುತ್ತದೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ಆರಂಭಿಸಿದರು. ಜುಲೈ 26 ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಮಾತೆ ಮರಿಯಮ್ಮನವರ ತಂದೆತಾಯಿ, ಯೇಸುಸ್ವಾಮಿಯ ಅಜ್ಜ-ಅಜ್ಜಿ ಇವರೇ ಎಂಬುದು ಪರಂಪರೆಯ ನಂಬಿಕೆ. ಆ ಹಬ್ಬಕ್ಕೆ ಹತ್ತಿರವಾಗಲೆಂದೇ ಈ ಭಾನುವಾರವನ್ನು ಆರಿಸಿದ್ದು. ನಮ್ಮ ಕೊಡಗಿನ ವಿರಾಜಪೇಟೆಯ ದೇವಾಲಯವಂತೂ ಸಂತ ಅನ್ನಮ್ಮನವರ ಹೆಸರಿನದೇ.

ಕೊಡಗನ್ನು ಬಲ್ಲವರಿಗೆ ಜುಲೈ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಕ್ಕಡವೆಂಬ ಕೊಡವ ಮಾಸದ ಮಳೆ ಹಿಡಿದರೆ ಬಿಡುವುದಿಲ್ಲ. ಮೆಟ್ಟಿಲುಗಳ ಮೇಲೆ ಪಾಚಿ, ಕರೆಂಟು ಹೋಗಿ ಎರಡು ದಿನ, ತೋಟದ ದಾರಿಯಲ್ಲಿ ಜೀಪು ಕೂಡ ಜಾರುತ್ತದೆ. ವಯಸ್ಸಾದವರ ಹೆಸರಿನಲ್ಲಿ ಬಲಿಪೂಜೆ (ದೇವಾಲಯದ ಮಾಸ್) ನಡೆಯುವ ಭಾನುವಾರವೇ ವಯಸ್ಸಾದವರು ಮನೆಯಿಂದ ಹೊರಡಲಾಗದ ಕಾಲ. ಹಾಗಾಗಿ ಅಲ್ಲಿ ಈ ದಿನದ ಆಚರಣೆ ದೇವಾಲಯದೊಳಗೆ ಮುಗಿಯುವುದಿಲ್ಲ, ಮಳೆಯಲ್ಲಿ ನೆನೆಯುತ್ತಾ ಮನೆಮನೆಗೆ ಹೋಗಬೇಕಾಗುತ್ತದೆ. ಅದು ಒಳ್ಳೆಯದೇ ಎಂದು ನನಗೆ ಅನಿಸುತ್ತದೆ.

ಈ ಸಲ ಊರಿಗೆ ಹೋದಾಗ ಸಿದ್ದಾಪುರದ ಕಡೆ ಇರುವ ಚಿಕ್ಕಪ್ಪನನ್ನು ನೋಡಿ ಬಂದೆ. ಅವರು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ, ಆಮೇಲೆ ಬಟವಾಡೆ. ತೋಟದಲ್ಲಿ ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಎಷ್ಟು ಸಲ್ಲಬೇಕು ಎಂಬುದೆಲ್ಲ ಅವರ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು. ಈಗ ಅವರ ಬಲಗೈ ನಡುಗುತ್ತದೆ. ಬ್ಯಾಂಕಿನ ಚೀಟಿಗೆ ಸಹಿ ಹಾಕಲು ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದರೂ ಅಕ್ಷರ ಗೆರೆ ಬಿಟ್ಟು ಓಡುತ್ತದೆ. ಹಳೆಯ ಸಹಿಗೆ ಹೊಂದಲಿಲ್ಲವೆಂದು ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಜೀವಮಾನವೆಲ್ಲ ಬೇರೆಯವರ ಹೆಬ್ಬೆಟ್ಟು ಒತ್ತಿಸಿಕೊಂಡವರು ಅವರು. ಬೆರಳಿನ ಶಾಯಿಯನ್ನು ಪಂಚೆಯ ಅಂಚಿಗೆ ಉಜ್ಜುತ್ತಾ, "ಇನ್ನು ನನ್ನನ್ನು ಯಾವ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಮಗಳೇ?" ಎಂದರು.

ತೋಟದ ಬದುಕಿನಲ್ಲಿ ಈ ಪ್ರಶ್ನೆಗೆ ಬಹಳ ಆಳದ ಬೇರಿದೆ. ತೋಟದ ಕಾರ್ಮಿಕರಿಗೆ ವಸತಿ ಕೊಡಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಹೇಳುತ್ತಿತ್ತು. ಆ ವಸತಿ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ಮದುವೆಯಾಗಿ ಬಂದ, ಮಕ್ಕಳನ್ನು ಹೆತ್ತ, ಗಂಡನನ್ನು ಕಳೆದುಕೊಂಡ ಲೈನ್ ಮನೆಯನ್ನು (ತೋಟದ ಕಾರ್ಮಿಕರ ಸಾಲುಮನೆಯನ್ನು) ನಿವೃತ್ತಿಯಾದ ಮೇಲೆ ಬಿಟ್ಟುಕೊಡಬೇಕು. ಮಗನೋ ಸೊಸೆಯೋ ಅದೇ ತೋಟದ ಕೆಲಸಕ್ಕೆ ಸೇರಿದರೆ ಅವರ ಹೆಸರಿನಲ್ಲಿ ಮೂಲೆಯೊಂದು ಉಳಿದೀತು. ದುಡಿಯುವ ತನಕ ನೀನು ಇಲ್ಲಿಯವಳು, ಆಮೇಲೆ ಅಲ್ಲ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ವಿದೇಶದ ಈ ಕನ್ನಡ ಸಂಘದಲ್ಲಿರುವ ನಾವು ಇದನ್ನು ಕೇಳಿ ಅಯ್ಯೋ ಎನ್ನುತ್ತೇವೆ. ಆದರೆ ನಮ್ಮ ವೀಸಾ, ಮನೆಯ ಸಾಲ, ನಾಲ್ಕು ಜನರ ನಡುವೆ ಪರಿಚಯ ಹೇಳಿಕೊಳ್ಳುವ ರೀತಿ, ಎಲ್ಲವೂ ಉದ್ಯೋಗಕ್ಕೇ ಕಟ್ಟಿಕೊಂಡಿವೆ. ನಮ್ಮಲ್ಲಿ ಅರವತ್ತು ದಾಟಿದವರು ಹೆಚ್ಚುತ್ತಿದ್ದಾರೆ. ನಿವೃತ್ತಿಯ ಪಾರ್ಟಿ ಮುಗಿದ ಮರುದಿನ ತಾನು ಯಾರು ಎಂದು ತಿಳಿಯದೆ ಕುಳಿತವರನ್ನು ನಾನು ಬಲ್ಲೆ.

ಇಂಥ ಸಂದರ್ಭದಲ್ಲಿ ನಾವು ಕ್ರೈಸ್ತರು ಒಂದು ಸಮಾಧಾನ ಹೇಳುವುದುಂಟು: ಕಿಟೆಲ್ ಅವರನ್ನು ನೋಡಿ, ಎನ್ನುತ್ತೇವೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಮಡಿಕೇರಿಯಲ್ಲೂ ಇದ್ದು ಕೆಲಸ ಮಾಡಿದವರು. ಅವರು ಹುಟ್ಟಿದ್ದು 1832ರಲ್ಲಿ. ನಿಘಂಟು ಹೊರಬಂದದ್ದು 1894ರಲ್ಲಿ, ವ್ಯಾಕರಣ 1903ರಲ್ಲಿ, ಅವರು ತೀರಿಕೊಂಡ ವರ್ಷವೇ. ಕನ್ನಡಿಗರಾಗಿ ನಾವು ಅವರಿಗೆ ಎಂದೆಂದಿಗೂ ಋಣಿಗಳು. ಆದರೆ ಕೈ ನಡುಗುವ ಮನುಷ್ಯನಿಗೆ ಈ ಉದಾಹರಣೆ ಕೊಡುವುದು ಕ್ರೂರ. ವಯಸ್ಸಾದ ಮೇಲೂ ದುಡಿಯಬಲ್ಲೆ, ಆದ್ದರಿಂದ ಬೆಲೆಯುಳ್ಳವನು ಎಂಬುದು ಅದೇ ತೋಟದ ಲೆಕ್ಕ. ದುಡಿಯಲಾಗದವನ ಗತಿ ಏನು, ನೆನಪು ಅಳಿಸಿಹೋದವಳ ಗತಿ ಏನು ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಉತ್ತರ ಇನ್ನೊಂದು ಪುಸ್ತಕದಲ್ಲಿದೆ. ಪ್ರತಿ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಜ್ಞಾನಸ್ನಾನದ (ಬ್ಯಾಪ್ಟಿಸಮ್) ದಾಖಲೆ ಪುಸ್ತಕವಿರುತ್ತದೆ. ಮಗುವಿನ ಹೆಸರು, ದಿನ, ತಂದೆತಾಯಿ, ಜ್ಞಾನ ತಂದೆ, ಜ್ಞಾನ ತಾಯಿ. ಈ ಮಗು ಏನು ಸಾಧಿಸಿತು ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಸಾಧಿಸಲು ಅದಕ್ಕೆ ಕತ್ತೇ ನಿಂತಿರುವುದಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಅಳುತ್ತಿರುವಾಗಲೇ ಅದನ್ನು ಹೆಸರು ಹಿಡಿದು ಕರೆದು, ನೀನು ದೇವರ ಮಗು ಎಂದು ಬರೆದಿಟ್ಟಾಗಿರುತ್ತದೆ. ಮುಂದೆ ದೃಢೀಕರಣವಾದರೆ, ಮದುವೆಯಾದರೆ ಅದೇ ಹೆಸರಿನ ಪಕ್ಕದಲ್ಲಿ ಟಿಪ್ಪಣಿ ಸೇರುತ್ತದೆ. ಆ ಹೆಸರನ್ನು ಹೊಡೆದುಹಾಕುವ ಪದ್ಧತಿಯೇ ಇಲ್ಲ. ಜ್ಞಾನಸ್ನಾನ ಒಮ್ಮೆ ಮಾತ್ರ, ಅದರ ಗುರುತು ಅಳಿಯದು ಎಂಬುದು ಧರ್ಮಸಭೆಯ ಬೋಧನೆ. ನಮ್ಮಲ್ಲಿ ಪ್ರೊಟೆಸ್ಟೆಂಟ್ ಸಭೆಗಳವರೂ ಇದ್ದೀರಿ. ನೀವು ದೀಕ್ಷಾಸ್ನಾನ ಎನ್ನುವ ಇದರ ವಿಷಯದಲ್ಲಿ ನಮ್ಮ ನಡುವೆ ಬೇರೆ ಭೇದಗಳಿರಬಹುದು, ಕೃಪೆ ದುಡಿಮೆಯ ಸಂಬಳವಲ್ಲ ಎಂಬುದರಲ್ಲಿ ಇಲ್ಲ.

ಯೆಶಾಯನ ಗ್ರಂಥದ 46ನೆಯ ಅಧ್ಯಾಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಬಾಬಿಲೋನಿನ ದೇವರುಗಳಾದ ಬೇಲ್ ಮತ್ತು ನೆಬೋ ವಿಗ್ರಹಗಳನ್ನು ದನಗಳ ಮೇಲೆ ಹೇರಿದ್ದಾರೆ. ಆ ಮೂಕಪ್ರಾಣಿಗಳು ಭಾರಕ್ಕೆ ಬಳಲಿ ಕುಸಿಯುತ್ತಿವೆ. ಅದನ್ನು ತೋರಿಸಿ ದೇವರು ಇಸ್ರಯೇಲರಿಗೆ ಹೇಳುವುದು ಇದರ ತಿರುವು: ಗರ್ಭದಿಂದಲೇ ನಿಮ್ಮನ್ನು ಹೊತ್ತು ಬಂದವನು ನಾನು, ನಿಮಗೆ ಮುಪ್ಪು ಬಂದರೂ ತಲೆ ನರೆತರೂ ಹೊರುವವನು ನಾನೇ. ಮಕ್ಕಳಿಗೆ ಹೊರೆಯಾಗಿಬಿಟ್ಟೆವು ಎಂದು ಕೊರಗುವ ಹಿರಿಯರಿಗೆ ಇದಕ್ಕಿಂತ ನೇರವಾದ ಮಾತು ನನಗೆ ಗೊತ್ತಿಲ್ಲ. ಹೊರಿಸಿಕೊಳ್ಳುವುದು ಅವಮಾನವಾದರೆ ಆ ಅವಮಾನ ಹುಟ್ಟಿದ ದಿನದಿಂದ ನಮ್ಮೆಲ್ಲರಿಗೂ ಇದೆ. ನಡುವಿನ ಕೆಲವು ವರ್ಷ ಕಾಲು ಗಟ್ಟಿಯಿದ್ದಾಗ ನಾವು ಅದನ್ನು ಮರೆತಿರುತ್ತೇವೆ, ಅಷ್ಟೇ. 2005ರ ಈಸ್ಟರ್ ಭಾನುವಾರ ಎರಡನೆಯ ಜಾನ್ ಪೌಲ್ ಪೋಪರು ಕಿಟಕಿಯ ಬಳಿ ಬಂದು, ಮಾತನಾಡಲು ಯತ್ನಿಸಿ, ಧ್ವನಿ ಹೊರಡದೆ ಕೈಯಿಂದಲೇ ಆಶೀರ್ವದಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ದಿನ ಅವರು ಏನೂ ಬೋಧಿಸಲಿಲ್ಲ ಎಂದು ನಾನು ಒಪ್ಪಲಾರೆ.

ಕೊಡಗಿನ ಕ್ರೈಸ್ತರಿಗೆ ಇದು ಹೊಸ ಪಾಠವೂ ಅಲ್ಲ. 1784ರಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಕೊಂಕಣಿ ಕ್ರೈಸ್ತರಲ್ಲಿ ತಪ್ಪಿಸಿಕೊಂಡ ಕೆಲವರು ಕೊಡಗು ಸೇರಿದಾಗ ಅಲ್ಲಿನ ಅರಸ ದೊಡ್ಡ ವೀರರಾಜೇಂದ್ರ ಆ ಕ್ರೈಸ್ತರಿಗೆ ಆಶ್ರಯ ಕೊಟ್ಟ. 1792ರಲ್ಲಿ ವಿರಾಜಪೇಟೆಯ ದೇವಾಲಯ ಹುಟ್ಟಿದ್ದು ಹಾಗೆ. ಜಮೀನು, ಮನೆ, ಊರು ಎಲ್ಲ ಹೋದವರ ಕೈಯಲ್ಲಿ ಉಳಿದದ್ದು ವಿಶ್ವಾಸವೊಂದೇ. ಅವರನ್ನು ಒಳಗೆ ಬಿಟ್ಟುಕೊಂಡ ಅರಸ ಬೇರೆ ಧರ್ಮದವನು ಎಂಬುದನ್ನೂ ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಕೇಳಿಸಿಕೊಂಡರು, ತಲೆಯಾಡಿಸಿದರು. ಅವರ ಮನಸ್ಸು ತಿಳಿಯಾಯಿತು ಎಂದು ಹೇಳಲಾರೆ. ಆದರೆ ಭಾನುವಾರ ಪರಮ ಪ್ರಸಾದ (ಬಲಿಪೂಜೆಯ ಪವಿತ್ರ ರೊಟ್ಟಿ) ತಂದುಕೊಡುವ ಹುಡುಗ ಬಂದ. ಒದ್ದೆ ರೇನ್‌ಕೋಟನ್ನು ಜಗಲಿಯ ಮೊಳೆಗೆ ಸಿಕ್ಕಿಸಿ, ಕೈ ಒರೆಸಿಕೊಂಡು, ಪ್ರಾರ್ಥನೆ ಮುಗಿಸಿ, ಪ್ರಸಾದ ಕೊಟ್ಟ. ಹೊರಡುವ ಮುನ್ನ, "ಅಜ್ಜ, ಅಕ್ಕನಿಗೆ ಈ ತಿಂಗಳು ಹೆರಿಗೆ, ನೀವು ಜಪಸರ ಹೇಳುವಾಗ ಅವಳನ್ನು ನೆನೆಯಬೇಕು" ಎಂದ. ಚಿಕ್ಕಪ್ಪ ಅವಳ ಹೆಸರು ಕೇಳಿದರು, ಗಂಡನ ಊರು ಕೇಳಿದರು, ಯಾವ ಆಸ್ಪತ್ರೆ ಎಂದು ಕೇಳಿದರು. ಅವರ ಧ್ವನಿ ಹಳೆಯ ರೈಟರನದಾಗಿತ್ತು. ಆ ಹುಡುಗ ಅವರಿಗೆ ಉಪಕಾರ ಮಾಡಲೆಂದು ಕೇಳಿದ್ದಲ್ಲ. ಅಕ್ಕನ ಬಗ್ಗೆ ಅವನಿಗೆ ನಿಜವಾಗಿ ಭಯವಿತ್ತು, ಪ್ರಾರ್ಥಿಸಬಲ್ಲ ಹಿರಿಯರೊಬ್ಬರು ಅವನಿಗೆ ಬೇಕಾಗಿದ್ದರು.

ನಮ್ಮ ಸಂಘದಲ್ಲಿ ಕೊರತೆ ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ರಾಜ್ಯೋತ್ಸವಕ್ಕೆ, ಕ್ರಿಸ್ಮಸ್ ಕೂಟಕ್ಕೆ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಅವರಿಂದ ಏನನ್ನೂ ಕೇಳುವುದಿಲ್ಲ. ಊರಿಗೆ ವಿಡಿಯೊ ಕರೆ ಮಾಡಿದರೆ ಮಾತ್ರೆ ಆಯಿತೇ, ಊಟ ಆಯಿತೇ, ಬಿದ್ದಿಲ್ಲ ತಾನೇ ಎಂದು ವಿಚಾರಿಸಿ ಇಡುತ್ತೇವೆ. ನಮ್ಮ ಭಯಗಳನ್ನು, ಮಕ್ಕಳ ಪರೀಕ್ಷೆಯನ್ನು, ಮದುವೆಯ ಬಿರುಕನ್ನು ಅವರಿಗೆ ಹೇಳುವುದಿಲ್ಲ. ಪಾಪ ವಯಸ್ಸಾಗಿದೆ, ಯಾಕೆ ನೋಯಿಸುವುದು ಎನ್ನುತ್ತೇವೆ. ಆ ಪ್ರೀತಿಯೇ ಅವರನ್ನು ಮನೆಯ ಹೊರಗಿನವರನ್ನಾಗಿ ಮಾಡುತ್ತಿದೆ.

ಈ ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳು ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ಜುಲೈ ನಾಲ್ಕನೆಯ ಭಾನುವಾರದ ಕನ್ನಡ ಪ್ರಾರ್ಥನಾ ಕೂಟವನ್ನು ಅವರೇ ನಡೆಸಲಿ ಎಂದು ಸಮಿತಿಯನ್ನು ಕೇಳಿದ್ದೇನೆ, ಸಮಿತಿ ಒಪ್ಪಿದೆ. ವಾಚನ, ಹಾಡು, ಬಿನ್ನಹ ಎಲ್ಲವೂ ಅವರದೇ. ಓದುವಾಗ ತಡವರಿಸಿದರೆ ಕಾಯೋಣ. ಪ್ರಾರ್ಥನೆ ಬೇಕಾದವರು ತಮ್ಮ ಕೋರಿಕೆಯನ್ನು ಚೀಟಿಯಲ್ಲಿ ಬರೆದು ಮೊದಲೇ ಅವರ ಕೈಗೆ ಕೊಡಿ, ದಪ್ಪ ಅಕ್ಷರದಲ್ಲಿ. ಧರ್ಮಭೇದವಿಲ್ಲ, ಯಾರೂ ಕೊಡಬಹುದು. ಸಭಾಂಗಣದ ಹಿಂಬಾಗಿಲಲ್ಲಿ ಮೆಟ್ಟಿಲಿಲ್ಲದ ದಾರಿಯಿದೆ. ಕಾರಿನಲ್ಲಿ ಕರೆತರಬಲ್ಲವರು ಹೆಸರು ಕೊಡಿ.